ಅರೆತೆರೆದ ಪೆಟ್ಟಿಗೆ: ಸೂಪರ್‌ಕಂಪ್ಯೂಟರುಗಳಲ್ಲಿ ಕಂಟೈನರ್

2021ರ ಜುಲೈ 15ರಂದು ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ತನ್ನ ಆಲ್ಫಾಫೋಲ್ಡ್ ತಂತ್ರಾಂಶದ ಮೂಲಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಮೈನೊ ಆಮ್ಲಗಳ ಸರಣಿಯನ್ನು ಉಣಿಸಿದರೆ ಪ್ರೋಟೀನು ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂದು ಅಂದಾಜು ಮಾಡಿ ಹೇಳುವ ತಂತ್ರಾಂಶ ಅದು. ಅದರ ಹಿಂದಿದ್ದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಇಂಥ ಸಾಧನವೊಂದು ಪುಕ್ಕಟೆಯಾಗಿ ಕೈಗೆ ಬಂದಾಗ ಜೀವವಿಜ್ಞಾನಿಗಳು ಮೊದಲು ನೋಡುವುದು ತಮ್ಮ ಸಂಸ್ಥೆಯ ಸೂಪರ್‌ಕಂಪ್ಯೂಟರಿನ ಕಡೆಗೆ. ಆದರೆ ತಂತ್ರಾಂಶದ ಜೊತೆ ಬಂದ ಸೂಚನೆಗಳಲ್ಲಿ ಮೊದಲ ಹೆಜ್ಜೆಯೇ 'ಡಾಕರ್ ಸ್ಥಾಪಿಸಿ' ಎಂದಿತ್ತು. ಡಾಕರ್ ಎಂದರೆ ತಂತ್ರಾಂಶವನ್ನು ಕಂಟೈನರ್ ಎಂಬ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಸಾಧನ. ಜಗತ್ತಿನ ಬಹುಪಾಲು ಸೂಪರ್‌ಕಂಪ್ಯೂಟರ್ ಕೇಂದ್ರಗಳಲ್ಲಿ ಸಾಮಾನ್ಯ ಬಳಕೆದಾರರಿಗೆ ಡಾಕರ್ ನಿಷಿದ್ಧ.

ಈ ಪೇಚಿನಿಂದ ಕೇಂದ್ರಗಳು ಪಾರಾದದ್ದು ಬೇರೆ ದಾರಿಯಲ್ಲಿ. ಡಾಕರ್‌ಗೆಂದು ಸಿದ್ಧವಾಗಿದ್ದ ಇಮೇಜನ್ನು, ಅಂದರೆ ಕಟ್ಟಿಟ್ಟ ಪೆಟ್ಟಿಗೆಯನ್ನು, ಸಿಂಗ್ಯುಲಾರಿಟಿ ಎಂಬ ಇನ್ನೊಂದು ಸಾಧನಕ್ಕೆ ಒಗ್ಗಿಸಿಕೊಂಡು ಅದರಲ್ಲೇ ಆಲ್ಫಾಫೋಲ್ಡ್ ಓಡಿಸಿದರು. ಒಳಗಿನ ಸರಕು ಅದೇ, ಓಡಿಸುವ ಕೈ ಮಾತ್ರ ಬೇರೆ. ಆ ಬೇರೆ ಕೈ ಯಾಕೆ ಬೇಕಾಯಿತು ಎಂಬುದರಲ್ಲಿ ಹತ್ತು ವರ್ಷದ ಕಥೆಯಿದೆ.

ಸೂಪರ್‌ಕಂಪ್ಯೂಟರ್ ಎಂದರೆ ಒಂದೇ ಒಂದು ದೈತ್ಯ ಯಂತ್ರ ಎಂಬ ಕಲ್ಪನೆ ಇನ್ನೂ ಹಲವರಲ್ಲಿದೆ. ಇಂದಿನವು ಸಾಲು ಸಾಲು ಕಪಾಟುಗಳಲ್ಲಿ ಜೋಡಿಸಿಟ್ಟ ನೂರಾರು, ಸಾವಿರಾರು ಕಂಪ್ಯೂಟರುಗಳು. ಒಟ್ಟಾಗಿ ಅದು ಕ್ಲಸ್ಟರ್, ಬಿಡಿಬಿಡಿಯಾಗಿ ನೋಡ್. ನೋಡ್‌ಗಳ ನಡುವೆ ಇನ್ಫಿನಿಬ್ಯಾಂಡ್‌ನಂಥ ಅತಿವೇಗದ ಜಾಲ, ಎಲ್ಲಕ್ಕೂ ಸೇರಿ ಒಂದೇ ಕಡತ ಭಂಡಾರ, ಯಾರ ಲೆಕ್ಕ ಯಾವ ಹೊತ್ತಿಗೆ ಯಾವ ನೋಡ್‌ನಲ್ಲಿ ಓಡಬೇಕೆಂದು ತೀರ್ಮಾನಿಸಲು ಸ್ಲರ್ಮ್‌ನಂಥ ಸರತಿ ವ್ಯವಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಂದ ಪರಮ್ ಪ್ರವೇಗ ಇದೇ ಬಗೆಯದು. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅಳತೆ ಹೆಚ್ಚುಕಡಿಮೆಯಾದರೂ ಒಳಗಿನ ಆಪರೇಟಿಂಗ್ ಸಿಸ್ಟಂ ಮಾತ್ರ ಎಲ್ಲೆಡೆ ಒಂದೇ ಜಾತಿಯದು: 2017ರ ನವೆಂಬರ್‌ನಿಂದೀಚೆಗೆ ಟಾಪ್500 ಪಟ್ಟಿಯಲ್ಲಿರುವ ಐನೂರಕ್ಕೆ ಐನೂರು ಯಂತ್ರಗಳೂ ಲಿನಕ್ಸ್‌ನವು.

ಇಂಥ ಯಂತ್ರದ ಮೇಲೆ ಮುಂಗಾರು ಲೆಕ್ಕ ಹಾಕುವವರು, ರಸಾಯನಶಾಸ್ತ್ರದವರು, ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆ ನೋಡುವವರು, ಕೃತಕ ಬುದ್ಧಿಮತ್ತೆಯವರು ಎಲ್ಲ ಒಟ್ಟಿಗೆ ಕೆಲಸ ಮಾಡುತ್ತಾರೆ. ಒಬ್ಬರ ತಂತ್ರಾಂಶಕ್ಕೆ ಹತ್ತು ವರ್ಷ ಹಳೆಯ ಫೋರ್ಟ್ರಾನ್ ಕಂಪೈಲರೇ ಆಗಬೇಕು. ಇನ್ನೊಬ್ಬರಿಗೆ ಮೊನ್ನೆ ಬಂದ ಪೈಥಾನ್ ಇಲ್ಲದೆ ನಡೆಯದು. ಎತ್ತು ಏರಿಗೆ, ಕೋಣ ನೀರಿಗೆ. ಕೇಂದ್ರದ ನಿರ್ವಾಹಕರು ಒಂದೇ ಲೈಬ್ರರಿಯ ಐದಾರು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಬೇಕಾದ್ದನ್ನು ಬೇಕಾದಾಗ ಎತ್ತಿಕೊಳ್ಳುವ 'ಮಾಡ್ಯೂಲ್' ಪದ್ಧತಿಯಲ್ಲಿ ಹೇಗೋ ಸಂಭಾಳಿಸುತ್ತ ಬಂದರು. ಆದರೆ ಎಲ್ಲದರ ತಳದಲ್ಲಿ ಕೂತಿರುವ ಸಿ ಲೈಬ್ರರಿಯನ್ನು ಹಾಗೆ ಸುಲಭವಾಗಿ ಬದಲಿಸಲು ಬರುವುದಿಲ್ಲ. 2014ರಲ್ಲಿ ಬಂದ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ತನ್ನೊಡನೆ ಆ ಸಿ ಲೈಬ್ರರಿಯ, ಅಂದರೆ ಗ್ಲಿಬ್‌ಸಿಯ, 2.17 ಆವೃತ್ತಿಯನ್ನು ತಂದಿತು. 2024ರ ಜೂನ್ 30ರಂದು ಅದರ ಬೆಂಬಲ ಮುಗಿಯುವವರೆಗೂ ಅದೇ ಇತ್ತು. ಆ ಹತ್ತು ವರ್ಷದಲ್ಲಿ ಹೊರಗಿನ ಪ್ರಪಂಚ ಮುಂದೆ ಹೋಗಿತ್ತು. ಹೊಸ ತಂತ್ರಾಂಶ ತಂದು ಓಡಿಸಲು ಹೋದ ಸಂಶೋಧಕನಿಗೆ ಸಿಗುತ್ತಿದ್ದದ್ದು 'ಗ್ಲಿಬ್‌ಸಿಯ ಬೇಕಾದ ಆವೃತ್ತಿ ಇಲ್ಲ' ಎಂಬ ಒಂದೇ ಸಾಲಿನ ಉತ್ತರ.

ಕಂಟೈನರ್ ಬಗೆಹರಿಸುವುದು ಈ ತೊಡಕನ್ನು. ತಂತ್ರಾಂಶ, ಅದು ಅವಲಂಬಿಸಿದ ಲೈಬ್ರರಿಗಳು, ಸಿ ಲೈಬ್ರರಿ, ಸಣ್ಣಪುಟ್ಟ ಸೆಟ್ಟಿಂಗ್ ಕಡತಗಳು ಎಲ್ಲವನ್ನೂ ಸೇರಿಸಿ ಒಂದು ಇಮೇಜ್ ಮಾಡುತ್ತಾರೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಲೋಕ ಇಡಿಯಾಗಿ ಅದರೊಳಗಿದ್ದರೆ ಹೊರಗೆ ಸೆಂಟ್‌ಒಎಸ್ ಇದ್ದರೂ ತೊಂದರೆಯಿಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮಾತ್ರ ಹೊರಗಿನ ಯಂತ್ರದ್ದು. ಯಂತ್ರದೊಳಗೆ ಇನ್ನೊಂದು ಯಂತ್ರವನ್ನೇ ಅನುಕರಿಸಿ ನಿಲ್ಲಿಸುವ ವರ್ಚುವಲ್ ಮಷೀನ್‌ಗೂ ಕಂಟೈನರ್‌ಗೂ ಇರುವ ದೊಡ್ಡ ಅಂತರ ಇದೇ. ಕಂಟೈನರೊಳಗಿನ ಪ್ರೋಗ್ರಾಂ ಕರ್ನಲ್ಲಿನ ಕಣ್ಣಿಗೆ ಉಳಿದೆಲ್ಲ ಪ್ರೋಗ್ರಾಂಗಳ ಹಾಗೆ ಇನ್ನೊಂದು ಪ್ರೋಗ್ರಾಂ ಅಷ್ಟೇ. ಅದಕ್ಕೆ ಕಾಣುವ ಕಡತಗಳ ಲೋಕ ಬೇರೆ.

ಇದರ ಬೇರು ಹಳೆಯದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಪ್ರೋಗ್ರಾಂ ಒಂದಕ್ಕೆ ಕಡತ ವ್ಯವಸ್ಥೆಯ ಬೇರೆ ಬುಡ ತೋರಿಸುವ 'ಸಿಎಚ್‌ರೂಟ್' ಇತ್ತು. ಲಿನಕ್ಸ್‌ಗೆ 2002ರಲ್ಲಿ, ಪ್ರೋಗ್ರಾಂಗೆ ಕಾಣುವ ಲೋಕವನ್ನು ಬೇರ್ಪಡಿಸುವ ಮೊದಲ ನೇಮ್‌ಸ್ಪೇಸ್ ಬಂತು. ಗೂಗಲ್‌ನ ಎಂಜಿನಿಯರುಗಳು ಶುರುಮಾಡಿದ, ಪ್ರೋಗ್ರಾಂ ಬಳಸುವ ಪ್ರೊಸೆಸರ್ ಮತ್ತು ಮೆಮೊರಿಗೆ ಮಿತಿ ಹಾಕುವ ಸಿಗ್ರೂಪ್ ಸೌಲಭ್ಯ 2008ರಲ್ಲಿ ಕರ್ನಲ್ ಸೇರಿತು. ಇವನ್ನೆಲ್ಲ ಒಟ್ಟುಗೂಡಿಸಿ, ಯಾರು ಬೇಕಾದರೂ ಎರಡು ಆಜ್ಞೆಗಳಲ್ಲಿ ಬಳಸುವ ಹಾಗೆ ಮಾಡಿದ್ದು ಡಾಕರ್. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂತಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಸೊಲೊಮನ್ ಹೈಕ್ಸ್ ಐದು ನಿಮಿಷದ ಪುಟ್ಟ ಭಾಷಣದಲ್ಲಿ ಅದನ್ನು ತೋರಿಸಿದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಜಾಲತಾಣಗಳನ್ನು ನಡೆಸುವ ಉದ್ಯಮ ಅದರ ಹಿಂದೆ ಬಿತ್ತು.

ಸೂಪರ್‌ಕಂಪ್ಯೂಟರ್ ಕೇಂದ್ರಗಳು ಮಾತ್ರ ಹಿಂದೆ ಸರಿದವು.

ಕಾರಣ ಅಹಂಕಾರವೂ ಅಲ್ಲ, ಹಳೆಯದರ ಮೋಹವೂ ಅಲ್ಲ. ಲಿನಕ್ಸ್‌ನಲ್ಲಿ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಿದ್ದಾನೆ. ಡಾಕರ್‌ನ ಹಿನ್ನೆಲೆಯಲ್ಲಿ ಸದಾ ಓಡುವ ಸೇವೆ ಆ ರೂಟ್ ಹೆಸರಿನಲ್ಲೇ ಓಡುತ್ತಿತ್ತು. ಅದಕ್ಕೆ ಆಜ್ಞೆ ಕೊಡುವ ಹಕ್ಕು ಸಿಕ್ಕವರು, 'ಹೊರಗಿನ ಯಂತ್ರದ ಇಡೀ ಕಡತ ವ್ಯವಸ್ಥೆಯನ್ನು ಕಂಟೈನರೊಳಗೆ ತೋರಿಸು' ಎಂದು ಹೇಳಿದರೆ ಸಾಕು, ಕಾರ್ಯತಃ ತಾವೇ ರೂಟ್ ಆಗಿಬಿಡುತ್ತಾರೆ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಹಾನಿಯಿಲ್ಲ. ಕ್ಲಸ್ಟರ್ ಹಾಗಲ್ಲ, ಅದು ಹಳೆಯ ಬೆಂಗಳೂರಿನ ವಠಾರ. ಪ್ರತಿ ಬಿಡಾರದವರೂ ತಮ್ಮ ಗೋಡೆಗೆ ತಮಗೆ ಬೇಕಾದ ಬಣ್ಣ ಬಳಿದುಕೊಳ್ಳಲಿ, ಆದರೆ ಎಲ್ಲ ಬಿಡಾರಗಳ ಬೀಗದ ಕೈ ಗೊಂಚಲನ್ನು ಒಬ್ಬ ಬಾಡಿಗೆದಾರರ ಕೈಗೆ ಕೊಡಲಾಗದು. ನೂರಾರು ಸಂಶೋಧಕರ ಅಪ್ರಕಟಿತ ದತ್ತಾಂಶ ಒಂದೇ ಭಂಡಾರದಲ್ಲಿರುವಾಗ ನಿರ್ವಾಹಕರು ಒಪ್ಪದೆ ಇದ್ದದ್ದು ಸರಿಯಾಗಿಯೇ ಇತ್ತು.

ಇನ್ನೊಂದು ಸಮಸ್ಯೆ ಸರತಿಯದು. ಸ್ಲರ್ಮ್ ಒಬ್ಬರಿಗೆ ಇಂತಿಷ್ಟು ಕೋರ್, ಇಂತಿಷ್ಟು ಮೆಮೊರಿ, ಇಂತಿಷ್ಟು ಗಂಟೆ ಎಂದು ಅಳೆದು ಕೊಡುತ್ತದೆ, ಅವಧಿ ಮುಗಿದ ಕೂಡಲೇ ಕೆಲಸ ನಿಲ್ಲಿಸುತ್ತದೆ. ಡಾಕರ್‌ನಲ್ಲಿ ಕಂಟೈನರನ್ನು ಹುಟ್ಟುಹಾಕುವುದು ಬಳಕೆದಾರನ ಪ್ರೋಗ್ರಾಂ ಅಲ್ಲ, ಹಿಂದೆ ಕೂತಿರುವ ಸೇವೆ. ಹಾಗಾಗಿ ಆ ಕೆಲಸ ಸರತಿಯ ಲೆಕ್ಕಕ್ಕೆ ಸಿಗದೆ ನುಸುಳಿಕೊಳ್ಳುತ್ತದೆ.

ಗೋಡೆ ಒಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅಮೆರಿಕದ ಇಂಧನ ಇಲಾಖೆಯ ನರ್ಸ್ಕ್ ಎಂಬ ಕೇಂದ್ರದಲ್ಲಿ ಆಗ ಎಡಿಸನ್, ಬಳಿಕ ಕೋರಿ ಎಂಬ ಕ್ರೇ ಕಂಪನಿಯ ಯಂತ್ರಗಳಿದ್ದವು. ಕೋರಿ ಕ್ರೇ ಎಕ್ಸ್‌ಸಿ40 ಜಾತಿಯದು. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಂತ ಸಹಸ್ರ-ಟಿ ಕೂಡ ಅದೇ ಜಾತಿಯದು. ಈ ಯಂತ್ರಗಳ ಲೆಕ್ಕದ ನೋಡ್‌ಗಳಲ್ಲಿ ಸ್ವಂತ ಡಿಸ್ಕ್ ಇರಲಿಲ್ಲ, ಇದ್ದ ಲಿನಕ್ಸ್ ಕೂಡ ಕತ್ತರಿಸಿ ಸಣ್ಣದು ಮಾಡಿದ್ದು. ಪದರದ ಮೇಲೆ ಪದರ ಜೋಡಿಸಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಡಾಕರ್‌ಗೆ ಕಾಲಿಡಲೂ ಜಾಗವಿರಲಿಲ್ಲ. ಡಗ್ಲಸ್ ಜೇಕಬ್ಸನ್ ಮತ್ತು ಶೇನ್ ಕ್ಯಾನನ್ 2015ರಲ್ಲಿ ಶಿಫ್ಟರ್ ಎಂಬ ಉಪಾಯ ತಂದರು. ಬಳಕೆದಾರ ತನ್ನ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಇಮೇಜ್ ಕಟ್ಟಿಕೊಳ್ಳಲಿ. ಕೇಂದ್ರ ಅದರ ಪದರಗಳನ್ನೆಲ್ಲ ಚಪ್ಪಟೆ ಮಾಡಿ ಒಂದೇ ಒತ್ತಿದ ಕಡತವಾಗಿ ಭಂಡಾರದಲ್ಲಿಡುತ್ತದೆ. ಓಡಿಸುವಾಗ ಆ ಕಡತವನ್ನೇ ಓದಲಷ್ಟೇ ಬರುವ ಡಿಸ್ಕ್‌ನಂತೆ ನೋಡ್‌ಗೆ ಜೋಡಿಸುತ್ತದೆ. ಒಳಗೆ ಓಡುವ ಪ್ರೋಗ್ರಾಂ ಬಳಕೆದಾರನ ಹೆಸರಿನಲ್ಲೇ ಓಡುತ್ತದೆ. ರೂಟ್ ಆಗುವ ಪ್ರಶ್ನೆಯೇ ಇಲ್ಲ.

ಭದ್ರತೆಗೆಂದು ಮಾಡಿದ ಈ ಏರ್ಪಾಟಿನಿಂದ ಯಾರೂ ಮುಖ್ಯವಾಗಿ ಹುಡುಕದಿದ್ದ ಇನ್ನೊಂದು ಲಾಭವೂ ಬಂತು. ಇದು ಸ್ವಲ್ಪ ನಿಂತು ನೋಡುವಂಥದ್ದು. ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಹುಡುಕುತ್ತದೆ. ಈ ಕಪಾಟಿನಲ್ಲಿದೆಯೇ, ಇಲ್ಲ, ಆ ಕಪಾಟಿನಲ್ಲಿ, ಇಲ್ಲ, ಮೂರನೆಯದರಲ್ಲಿ, ಸಿಕ್ಕಿತು. ಹೀಗೆ ಪ್ರತಿಯೊಂದಕ್ಕೂ ಹಲವು ವಿಚಾರಣೆ. ಒಂದು ಯಂತ್ರದಲ್ಲಿ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಹತ್ತು ಸಾವಿರ ಕೋರ್‌ಗಳ ಮೇಲೆ ಅದೇ ಪ್ರೋಗ್ರಾಂ ಒಮ್ಮೆಗೇ ಎದ್ದರೆ ಆ ಎಲ್ಲ ವಿಚಾರಣೆಗಳೂ ಹೋಗಿ ಬೀಳುವುದು ಭಂಡಾರದ ಮೆಟಾಡೇಟಾ ಸರ್ವರ್ ಮೇಲೆ, ಅಂದರೆ ಯಾವ ಕಡತ ಎಲ್ಲಿದೆ ಎಂದು ಹೇಳುವ ಒಂದೆರಡು ಯಂತ್ರಗಳ ಮೇಲೆ. ಲಸ್ಟರ್‌ನಂಥ ಭಂಡಾರಗಳು ಭಾರಿ ಕಡತಗಳನ್ನು ಭಾರಿ ವೇಗದಲ್ಲಿ ಹರಿಸಲು ಹುಟ್ಟಿದವು. ಪುಡಿ ಕಡತಗಳ ಜಾತ್ರೆ ಅವಕ್ಕೆ ಆಗಿಬರದು. ಲೆಕ್ಕ ಶುರುವಾಗುವ ಮೊದಲೇ ಹತ್ತಾರು ನಿಮಿಷ ಕಳೆದು ಹೋಗುತ್ತಿತ್ತು, ಪಕ್ಕದವರ ಕೆಲಸವೂ ತೆವಳುತ್ತಿತ್ತು. ಇಮೇಜ್ ಒಂದೇ ಕಡತವಾದಾಗ ಭಂಡಾರಕ್ಕೆ ಹೋಗುವ ವಿಚಾರಣೆಯೂ ಪ್ರತಿ ನೋಡ್‌ಗೆ ಒಂದೇ ಆಯಿತು. ಉಳಿದ ಹುಡುಕಾಟವೆಲ್ಲ ನೋಡ್‌ನ ಸ್ವಂತ ಮೆಮೊರಿಯಲ್ಲೇ ಮುಗಿಯುತ್ತದೆ. ಕಂಟೈನರ್ ಹಾಕಿದರೆ ನಿಧಾನವಾಗುತ್ತದೆ ಎಂದು ಹೆದರಿದ್ದವರಿಗೆ, ಹಾಕಿದ್ದರಿಂದಲೇ ಪ್ರೋಗ್ರಾಂ ಬೇಗ ಏಳುವುದನ್ನು ನೋಡುವ ಅವಕಾಶ ಸಿಕ್ಕಿತು.

ಶಿಫ್ಟರ್ ದೊಡ್ಡ ಕೇಂದ್ರಕ್ಕೆ ಹೊಂದುವ ಸಾಧನ. ಅದನ್ನು ಹೂಡಲು, ನೋಡಿಕೊಳ್ಳಲು ಜನ ಬೇಕು. ಅದೇ ಬರ್ಕ್ಲಿಯ ಲಾರೆನ್ಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗ್ರೆಗರಿ ಕರ್ಟ್ಜರ್ ಸಣ್ಣ ಕೇಂದ್ರಗಳನ್ನೂ ಗಮನದಲ್ಲಿಟ್ಟುಕೊಂಡು ಸಿಂಗ್ಯುಲಾರಿಟಿಯನ್ನು ಕಟ್ಟಿದರು. 2016ರಲ್ಲಿ ಅದು ಹೊರಬಂತು. ಸೆಂಟ್‌ಒಎಸ್ ಶುರುಮಾಡಿದವರಲ್ಲಿ ಒಬ್ಬರಾದ ಇವರೇ ಮುಂದೆ ರಾಕಿ ಲಿನಕ್ಸ್ ಹುಟ್ಟುಹಾಕಿದವರು. ಸಿಂಗ್ಯುಲಾರಿಟಿಯ ಇಮೇಜ್ ಒಂದೇ ಕಡತ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಒಯ್ಯಬಹುದು, ಸಾಮಾನ್ಯ ಪ್ರೋಗ್ರಾಂನಂತೆ ಹೆಸರು ಕರೆದು ಓಡಿಸಬಹುದು. ಹಿನ್ನೆಲೆಯಲ್ಲಿ ಕಾಯುವ ಸೇವೆ ಯಾವುದೂ ಇಲ್ಲ, ಆದ್ದರಿಂದ ಸರತಿಯ ಲೆಕ್ಕದಿಂದ ತಪ್ಪಿಸಿಕೊಳ್ಳುವುದೂ ಇಲ್ಲ. ವಿಜ್ಞಾನಿಗಳು ಇದನ್ನು ಎರಡೂ ಕೈಯಲ್ಲಿ ಬರಮಾಡಿಕೊಂಡರು. ಹೆಸರಿನ ಗೊಂದಲ ಮಾತ್ರ ಈಗಲೂ ಹೊಸಬರನ್ನು ಕಾಡುತ್ತದೆ. 2021ರಲ್ಲಿ ಯೋಜನೆ ಇಬ್ಭಾಗವಾಗಿ, ಸಿಲ್ಯಾಬ್ಸ್ ಕಂಪನಿಯ ಕವಲು ಸಿಂಗ್ಯುಲಾರಿಟಿ-ಸಿಇ ಎಂದಾಯಿತು. ಇನ್ನೊಂದು ಕವಲು ಅದೇ ವರ್ಷದ ಕೊನೆಗೆ ಲಿನಕ್ಸ್ ಫೌಂಡೇಶನ್ ಸೇರಿ ಆಪ್‌ಟೈನರ್ ಎಂಬ ಹೆಸರು ಪಡೆಯಿತು. ಬಳಸುವವರಿಗೆ ದೈನಂದಿನ ಆಜ್ಞೆಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಇದಕ್ಕೂ ಕಟ್ಟುನಿಟ್ಟಾದ ಹಾದಿ ಹಿಡಿದದ್ದು ನ್ಯೂ ಮೆಕ್ಸಿಕೋದ ಲಾಸ್ ಅಲಮಾಸ್ ಪ್ರಯೋಗಾಲಯ, ಪರಮಾಣು ಬಾಂಬಿನ ತವರು. ಭದ್ರತೆಯ ವಿಚಾರದಲ್ಲಿ ಅವರು ಎರಡು ಹೆಜ್ಜೆ ಮುಂದಿರುವುದು ಸಹಜ. ಶಿಫ್ಟರ್, ಸಿಂಗ್ಯುಲಾರಿಟಿ ಎರಡಕ್ಕೂ ಆರಂಭದ ಕ್ಷಣದಲ್ಲಿ ಒಂದಿಷ್ಟು ರೂಟ್ ಅಧಿಕಾರ ಬೇಕಿತ್ತು. ಆಮೇಲೆ ಅದನ್ನು ಕಳಚಿಡುತ್ತಿದ್ದವು. ಆ ಕ್ಷಣಮಾತ್ರದ ಅಧಿಕಾರವೂ ಬೇಡವೆಂದು ರೀಡ್ ಪ್ರೀಡ್‌ಹಾರ್ಸ್ಕಿ ಮತ್ತು ಟಿಮ್ ರ್‍ಯಾಂಡಲ್ಸ್ 2017ರಲ್ಲಿ ಚಾರ್ಲಿಕ್ಲೌಡ್ ಮುಂದಿಟ್ಟರು. ಸುಮಾರು 800 ಸಾಲಿನ ಪ್ರೋಗ್ರಾಂ ಅದು. 2013ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 3.8ರಲ್ಲಿ ಪೂರ್ಣಗೊಂಡ ಯೂಸರ್ ನೇಮ್‌ಸ್ಪೇಸ್ ಎಂಬ ಸೌಲಭ್ಯವೇ ಅದರ ಬಂಡವಾಳ. ಆ ಸೌಲಭ್ಯದಲ್ಲಿ ಸಾಮಾನ್ಯ ಬಳಕೆದಾರ ತನ್ನ ಕಂಟೈನರೊಳಗಷ್ಟೇ ರೂಟ್‌ನಂತೆ ಕಾಣಿಸಿಕೊಳ್ಳುತ್ತಾನೆ. ಹೊರಗೆ ಕಾಲಿಟ್ಟರೆ ಮಾಮೂಲಿ ಮನುಷ್ಯ. ಕೊನೆಗೆ ಎಲ್ಲರೂ ಇದೇ ದಿಕ್ಕಿಗೆ ಬಂದರು. ಆಪ್‌ಟೈನರ್ ಕೂಡ 2022ರ 1.1 ಆವೃತ್ತಿಯಿಂದ ರೂಟ್ ಅಧಿಕಾರದ ಭಾಗವನ್ನು ಮೂಲ ಪ್ಯಾಕೇಜಿನಿಂದ ತೆಗೆದಿಟ್ಟಿತು. ಹೀಗೆ 800 ಸಾಲಿನವರ ವಾದ ಗೆದ್ದಿತು ಎನ್ನಬಹುದು, ಹೆಚ್ಚು ಜನ ಬಳಸುವುದು ಇನ್ನೊಂದನ್ನೇ ಆದರೂ.

ಇಲ್ಲಿಯವರೆಗಿನದು ಬೀಗದ ಕಥೆ. ನಿಜವಾದ ಕುತೂಹಲ ಇರುವುದು ಬಾಗಿಲಿನಲ್ಲಿ.

ಜಾಲತಾಣದ ಲೋಕದಲ್ಲಿ ಕಂಟೈನರ್‌ನ ಗುಣವೆಂದರೆ ಬಿಗಿ. ಒಳಗಿನದಕ್ಕೆ ಹೊರಗಿನದು ಕಾಣಬಾರದು, ಹೊರಗಿನದಕ್ಕೆ ಒಳಗಿನದು. ಸೂಪರ್‌ಕಂಪ್ಯೂಟರಿನಲ್ಲಿ ಇದು ತಿರುಗುಮುರುಗು. ನಾವೇನೂ ಹೇಳದಿದ್ದರೂ ಆಪ್‌ಟೈನರ್ ಬಳಕೆದಾರನ ಮನೆಕೋಶ, ತಾತ್ಕಾಲಿಕ ಕಡತಗಳ ಕೋಶ, ಯಂತ್ರದ ಸಾಧನಗಳು ಎಲ್ಲವನ್ನೂ ಒಳಗೆ ತೋರಿಸುತ್ತದೆ. ಒಳಗಿರುವವನ ಹೆಸರು ಹೊರಗಿನದೇ. ಜಾಲವೂ ಹೊರಗಿನದೇ. ಬೇಕೆಂದೇ ಅರ್ಧ ತೆರೆದಿಟ್ಟ ಪೆಟ್ಟಿಗೆ ಅದು. ಯಾಕೆಂದರೆ ಸಂಶೋಧಕರಿಗೆ ಬೇಕಿರುವುದು ಏಕಾಂತವಲ್ಲ; ತಮ್ಮ ಲೈಬ್ರರಿಗಳನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ. ದತ್ತಾಂಶ ಭಂಡಾರದಲ್ಲೇ ಇರಬೇಕು, ಜಾಲದ ವೇಗ ಪೂರ್ತಿ ಸಿಗಬೇಕು, ಜಿಪಿಯು ಎಂಬ ವೇಗವರ್ಧಕ ಚಿಪ್ ಕೈಗೆಟುಕಬೇಕು. ಆಲ್ಫಾಫೋಲ್ಡನ್ನೇ ನೋಡಿ: ಅದರ ತಂತ್ರಾಂಶ ಇಮೇಜಿನೊಳಗಿದೆ, ಅದು ಹುಡುಕಾಡುವ ಪ್ರೋಟೀನು ದತ್ತಸಂಚಯ ಎರಡು ಟೆರಾಬೈಟ್‌ಗೂ ಮಿಕ್ಕಿದ್ದು, ಅದು ಹೊರಗೇ ಇರುತ್ತದೆ. ಒಂದೇ ಪ್ರತಿಯನ್ನು ಇಡೀ ಕೇಂದ್ರದವರು ಹಂಚಿಕೊಳ್ಳುತ್ತಾರೆ.

ಬಾಗಿಲು ಎಷ್ಟು ತೆರೆಯಬೇಕು ಎಂಬಲ್ಲೇ ಜಗಳವೆಲ್ಲ. ಹಲವು ನೋಡ್‌ಗಳ ಮೇಲೆ ಹರಡಿ ಓಡುವ ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಮಾತಾಡಲು ಎಂಪಿಐ ಎಂಬ ಲೈಬ್ರರಿ ಬಳಸುತ್ತವೆ. ಆ ಲೈಬ್ರರಿಗೆ ಆಯಾ ಕೇಂದ್ರದ ಜಾಲದ ಹೂರಣ ಗೊತ್ತಿರಬೇಕು. ಮೈಸೂರಿನ ವಿದ್ಯಾರ್ಥಿಯೊಬ್ಬಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಇಮೇಜಿನಲ್ಲಿರುವ ಎಂಪಿಐಗೆ ಬೆಂಗಳೂರಿನ ಇನ್ಫಿನಿಬ್ಯಾಂಡ್‌ನ ಪರಿಚಯವೇ ಇಲ್ಲದಿರಬಹುದು. ಆಗ ಅದು ಗೊಣಗದೆ ಮಾಮೂಲಿ ಟಿಸಿಪಿ ದಾರಿ ಹಿಡಿಯುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ಹಲವು ಪಟ್ಟು ತಡವಾಗಿ. ಇದಕ್ಕಿಂತ ವಿಚಿತ್ರವಾದದ್ದೂ ಇದೆ. ಹೊರಗಿನಿಂದ ಕೆಲಸ ಹಚ್ಚುವ ವ್ಯವಸ್ಥೆಗೂ ಒಳಗಿನ ಎಂಪಿಐಗೂ ಭಾಷೆ ಹೊಂದದಿದ್ದರೆ, ಅರುವತ್ತನಾಲ್ಕು ಪ್ರಕ್ರಿಯೆಗಳು ಎದ್ದು, ಪ್ರತಿಯೊಂದೂ 'ನಾನೊಬ್ಬನೇ ಇರುವುದು' ಎಂದುಕೊಂಡು ಅದೇ ಲೆಕ್ಕವನ್ನು ಇಡಿಯಾಗಿ ಮಾಡಿ ಒಂದೇ ಕಡತದ ಮೇಲೆ ಬರೆಯುತ್ತದೆ. ಕಂಟೈನರ್‌ಗೆ ಹೊಸಬರಾದವರು ಈ ಅನುಭವವಿಲ್ಲದೆ ಹಳಬರಾಗುವುದು ಅಪರೂಪ.

ಪರಿಹಾರ ಏನೆಂದರೆ, ಓಡಿಸುವ ಗಳಿಗೆಯಲ್ಲಿ ಇಮೇಜಿನೊಳಗಿನ ಎಂಪಿಐ ಮೇಲೆ ಕೇಂದ್ರದ ಎಂಪಿಐಯನ್ನು ಹೊದಿಸುವುದು. ಎರಡೂ ಒಂದೇ ಅಚ್ಚಿನವಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಎಂಪಿಐ ಲೈಬ್ರರಿ ಕಟ್ಟುವ ಎಂಪಿಚ್, ಇಂಟೆಲ್, ಕ್ರೇ ಮೊದಲಾದವರು 2013ರಲ್ಲಿ ಅಚ್ಚನ್ನು ಒಂದು ಮಾಡಿಕೊಳ್ಳಲು ಒಪ್ಪಿದರು. ಓಪನ್ ಎಂಪಿಐ ಎಂಬ ಇನ್ನೊಂದು ಲೈಬ್ರರಿ ಬೇರೆಯಾಗಿಯೇ ಉಳಿಯಿತು. ಎಲ್ಲರಿಗೂ ಅನ್ವಯಿಸುವ ಒಂದೇ ಅಚ್ಚು ಅಧಿಕೃತ ಮಾನಕದೊಳಗೆ ಬಂದದ್ದು 2025ರ ಜೂನ್‌ನಲ್ಲಿ, ಎಂಪಿಐ 5.0 ಜೊತೆ. ಹೊದಿಸುವುದರಲ್ಲೂ ಒಂದು ಕುತ್ತಿದೆ. ಕೇಂದ್ರದ ಲೈಬ್ರರಿ ಹೊಸ ಗ್ಲಿಬ್‌ಸಿ ಬೇಡುತ್ತಿದ್ದು ಇಮೇಜಿನಲ್ಲಿರುವುದು ಹಳೆಯದಾದರೆ, ಯಾವ ದೋಷಸಂದೇಶದಿಂದ ತಪ್ಪಿಸಿಕೊಳ್ಳಲು ಕಂಟೈನರ್ ಕಟ್ಟಿದರೋ ಅದೇ ಸಂದೇಶ ಈಗ ಒಳಗಿನಿಂದ ಬರುತ್ತದೆ.

ಜಿಪಿಯುವಿನದು ಇದಕ್ಕೆ ಹೋಲಿಸಿದರೆ ಸರಳ. ಎನ್ವಿಡಿಯಾದ ಡ್ರೈವರಿನ ಒಂದು ಭಾಗ ಕರ್ನಲ್‌ನಲ್ಲಿ, ಇನ್ನೊಂದು ಭಾಗ ಲೈಬ್ರರಿಯಾಗಿ ಇರುತ್ತದೆ. ಎರಡೂ ಒಂದೇ ಆವೃತ್ತಿಯಾಗಿರಬೇಕು. ಹಾಗಾಗಿ ಆ ಲೈಬ್ರರಿಯನ್ನು ಇಮೇಜಿನಲ್ಲಿ ತುಂಬಬಾರದು, ಹೊರಗಿನಿಂದಲೇ ತರಬೇಕು. ಆಪ್‌ಟೈನರ್‌ನಲ್ಲಿ 'ಎನ್‌ವಿ' ಎಂಬ ಒಂದು ಸೂಚನೆ ಕೊಟ್ಟರೆ ಆಯಿತು.

ವೇಗದ ಬಗ್ಗೆ ಈಗಲೂ ಅನುಮಾನ ಪಡುವವರಿದ್ದಾರೆ. ಲಾಸ್ ಅಲಮಾಸ್‌ನವರೇ 2019ರಲ್ಲಿ ಚಾರ್ಲಿಕ್ಲೌಡ್, ಶಿಫ್ಟರ್, ಸಿಂಗ್ಯುಲಾರಿಟಿ ಮೂರನ್ನೂ ಬರಿಯ ಯಂತ್ರದ ಪಕ್ಕದಲ್ಲಿಟ್ಟು ಅಳೆದು, ಪರಿಣಾಮ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂದು ಪ್ರಕಟಿಸಿದರು. ಕರ್ನಲ್ ಒಂದೇ ಆಗಿರುವಾಗ ಇದರಲ್ಲಿ ಆಶ್ಚರ್ಯವೂ ಇಲ್ಲ. ನಿಜವಾದ ನಷ್ಟ ಬೇರೆ ಕಡೆ ಆಗುತ್ತದೆ. ಎಲ್ಲ ಯಂತ್ರಗಳಲ್ಲೂ ಓಡಲಿ ಎಂದು ಕಟ್ಟಿದ ತಂತ್ರಾಂಶ ಯಾವ ಪ್ರೊಸೆಸರಿನ ವಿಶೇಷ ಶಕ್ತಿಯನ್ನೂ ಬಳಸುವುದಿಲ್ಲ. ಒಂದೇ ಏಟಿಗೆ ಎಂಟು ಸಂಖ್ಯೆಗಳನ್ನು ಗುಣಿಸುವ ಎವಿಎಕ್ಸ್-512 ಸೌಲಭ್ಯವುಳ್ಳ ಪ್ರೊಸೆಸರಿನ ಮೇಲೆ ಎರಡೆರಡೇ ಗುಣಿಸುತ್ತ ಕೂರುತ್ತದೆ. ಇಂಟೆಲ್‌ಗೆಂದು ಕಟ್ಟಿದ ಇಮೇಜಂತೂ ಆರ್ಮ್ ಪ್ರೊಸೆಸರುಗಳಿರುವ ಜಪಾನಿನ ಫುಗಾಕುವಿನಲ್ಲಿ ಏಳುವುದೇ ಇಲ್ಲ. ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂಬ ಜಾಹೀರಾತಿನ ಮಾತನ್ನು ಇಷ್ಟರ ಮಟ್ಟಿಗೆ ತಗ್ಗಿಸಿ ಕೇಳಬೇಕು.

ಆದರೂ ಒಯ್ದವರ ಲಾಭ ಸಣ್ಣದಲ್ಲ. ಜಿನೀವಾದ ಸೆರ್ನ್‌ನಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಸಿಎಂಎಸ್ ಪ್ರಯೋಗದ ದತ್ತಾಂಶವನ್ನು ಜಗತ್ತಿನ ಹತ್ತಾರು ದೇಶಗಳ ಕೇಂದ್ರಗಳಲ್ಲಿ ಜರಡಿ ಹಿಡಿಯುತ್ತಾರೆ; ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅವುಗಳಲ್ಲೊಂದು. ಎಲ್ಲ ಕೇಂದ್ರಗಳೂ ಒಂದೇ ದಿನ ಆಪರೇಟಿಂಗ್ ಸಿಸ್ಟಂ ಬದಲಿಸುವುದು ಆಗದ ಮಾತು. ಸೈಂಟಿಫಿಕ್ ಲಿನಕ್ಸ್ 6ರಿಂದ 7ನೇ ಪೀಳಿಗೆಗೆ ದಾಟುವ ಕಾಲದಲ್ಲಿ ಸಿಎಂಎಸ್ ತನ್ನ ಕೆಲಸಗಳನ್ನು ಸಿಂಗ್ಯುಲಾರಿಟಿಯೊಳಗೆ ಹಾಕಿತು. ಹೊರಗೆ ಹೊಸ ಸಿಸ್ಟಂ, ಒಳಗೆ ಹಳೆಯದು. ಭೌತವಿಜ್ಞಾನಿಗಳಿಗೆ ದಾಟಿದ್ದೇ ಗೊತ್ತಾಗಲಿಲ್ಲ ಎಂದರೂ ನಡೆಯುತ್ತದೆ.

ಜೀವವಿಜ್ಞಾನದಲ್ಲಿ ಇನ್ನೂ ಗಂಭೀರ ಕಾರಣವಿದೆ. ನೆಕ್ಸ್ಟ್‌ಫ್ಲೋ ಎಂಬ ತಂತ್ರಾಂಶ ಕಟ್ಟಿದ ಬಾರ್ಸಿಲೋನಾದ ತಂಡ 2017ರಲ್ಲಿ ಒಂದು ಅಹಿತಕರ ಸಂಗತಿಯನ್ನು ತೋರಿಸಿತು. ಕಾಲಾ ಅಜಾರ್ ಬಗೆಯ ಕಾಯಿಲೆ ತರುವ ಲೀಶ್ಮೇನಿಯಾ ಪರೋಪಜೀವಿಯ ಜೀನೋಮನ್ನು ಒಂದೇ ತಂತ್ರಾಂಶ, ಒಂದೇ ದತ್ತಾಂಶದಿಂದ ವಿಶ್ಲೇಷಿಸಿದಾಗ, ಮ್ಯಾಕ್‌ನಲ್ಲಿ ಬಂದ ಫಲಿತಾಂಶವೇ ಬೇರೆ, ಲಿನಕ್ಸ್‌ನಲ್ಲಿ ಬಂದದ್ದೇ ಬೇರೆ. ವ್ಯತ್ಯಾಸ ಸಣ್ಣದು, ಆದರೆ ಜೀನ್‌ಗಳ ಎಣಿಕೆಯಲ್ಲೇ ವ್ಯತ್ಯಾಸ. ಕಂಟೈನರಿನಲ್ಲಿ ಓಡಿಸಿದಾಗ ಎಲ್ಲೆಡೆ ಒಂದೇ ಉತ್ತರ ಬಂತು. ಉತ್ತರ ಒಂದೇ ಬಂದ ಮಾತ್ರಕ್ಕೆ ಅದು ಸರಿಯೆಂದೇನೂ ಆಗುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಆದರೆ ತಪ್ಪಿದ್ದರೂ ಎಲ್ಲರಿಗೂ ಅದೇ ತಪ್ಪು ಕಂಡರೆ ಹಿಡಿಯುವುದು ಸುಲಭ.

ಈ ಭರವಸೆಯನ್ನು ಕೆಡಿಸುವ ಬಿರುಕುಗಳು ಸಣ್ಣವು, ಸದ್ದಿಲ್ಲದವು. ಮನೆಕೋಶ ಒಳಗೆ ಕಾಣುತ್ತದೆ ಎಂದೆವಲ್ಲ. ಬಳಕೆದಾರ ಹಿಂದೆಂದೋ ಅಲ್ಲಿ ಹಾಕಿಟ್ಟು ಮರೆತ ಪೈಥಾನ್ ಪ್ಯಾಕೇಜನ್ನು ಕಂಟೈನರೊಳಗಿನ ಪೈಥಾನ್ ಎತ್ತಿಕೊಂಡುಬಿಡುತ್ತದೆ. ಇಮೇಜ್ ಅದೇ, ಫಲಿತಾಂಶ ಬೇರೆ. 'ಲೇಟೆಸ್ಟ್' ಎಂಬ ಹೆಸರಿನ ಇಮೇಜ್ ಇಂದಿನದೇ ನಾಳೆಯೂ ಇರುತ್ತದೆಂಬ ಖಾತ್ರಿಯಿಲ್ಲ. ಇಮೇಜ್ ಇಟ್ಟಿದ್ದ ತಾಣವೇ ಮುಚ್ಚಬಹುದು: ವಿಜ್ಞಾನಿಗಳಿಗೆ ಪುಕ್ಕಟೆ ಸೇವೆ ಕೊಡುತ್ತಿದ್ದ ಸಿಂಗ್ಯುಲಾರಿಟಿ ಹಬ್ 2021ರ ಏಪ್ರಿಲ್‌ನಲ್ಲಿ ಹೊಸ ಇಮೇಜ್ ಕಟ್ಟುವುದನ್ನು ನಿಲ್ಲಿಸಿತು, ಹಳೆಯವು ಓದಲಷ್ಟೇ ಬರುವ ಸಂಗ್ರಹವಾಗಿ ಉಳಿದವು. ಡಾಕರ್ ಇಮೇಜುಗಳ ತಾಣವಾದ ಡಾಕರ್ ಹಬ್ 2020ರ ನವೆಂಬರ್‌ನಲ್ಲಿ ಖಾತೆಯಿಲ್ಲದೆ ಬರುವವರಿಗೆ ಒಂದು ವಿಳಾಸದಿಂದ ಆರು ಗಂಟೆಗೆ ನೂರು ಸಲ ಮಾತ್ರ ಇಮೇಜ್ ಇಳಿಸಿಕೊಳ್ಳಬಹುದೆಂಬ ಮಿತಿ ಹಾಕಿತು. ಇಡೀ ಕ್ಲಸ್ಟರ್ ಹೊರ ಜಗತ್ತಿಗೆ ಒಂದೇ ವಿಳಾಸವಾಗಿ ಕಾಣುವ ಕಡೆ, ಒಬ್ಬ ಅವಸರದ ಬಳಕೆದಾರ ಎಲ್ಲರ ಪಾಲನ್ನೂ ಮುಗಿಸಿಬಿಡಬಹುದು.

ನಮ್ಮಲ್ಲಿ ಈ ವಿಚಾರಕ್ಕೆ ಈಗ ಹೆಚ್ಚು ತೂಕ ಬಂದಿದೆ. 2015ರಲ್ಲಿ 4,500 ಕೋಟಿ ರೂಪಾಯಿಯ ಅಂದಾಜಿನಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನವನ್ನು ಪುಣೆಯ ಸಿ-ಡ್ಯಾಕ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಜಾರಿಗೆ ತಂದವು. 2019ರಲ್ಲಿ ವಾರಾಣಸಿಯ ಪರಮ್ ಶಿವಾಯ್‌ನಿಂದ ಆರಂಭವಾಗಿ, 2024ರ ಸೆಪ್ಟೆಂಬರ್‌ನಲ್ಲಿ ಪುಣೆ, ದೆಹಲಿ, ಕೋಲ್ಕತ್ತಗಳ ಪರಮ್ ರುದ್ರವರೆಗೆ ಯಂತ್ರಗಳು ಸಾಲಾಗಿ ಬಂದಿವೆ. ಬೆಂಗಳೂರೊಂದರಲ್ಲೇ ಪ್ರವೇಗದ ಜೊತೆಗೆ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪರಮ್ ಯುಕ್ತಿ, ಸಿ-ಡ್ಯಾಕ್‌ನಲ್ಲಿ ಪರಮ್ ಉತ್ಕರ್ಷ ಇವೆ. ಎಂ.ಎಸ್ಸಿ. ಒಂದೂರಿನಲ್ಲಿ, ಪಿಎಚ್.ಡಿ. ಇನ್ನೊಂದೂರಿನಲ್ಲಿ, ಆಮೇಲಿನ ಸಂಶೋಧನೆ ಮತ್ತೊಂದು ದೇಶದಲ್ಲಿ ಮಾಡುವ ವಿದ್ಯಾರ್ಥಿಗೆ ಪ್ರತಿ ಸಲ ತಂತ್ರಾಂಶವನ್ನು ಬುಡದಿಂದ ಕಟ್ಟುವುದರಲ್ಲೇ ವಾರಗಟ್ಟಲೆ ಹೋಗುತ್ತದೆ. ಯಂತ್ರ ಕೊಳ್ಳುವುದಕ್ಕೆ ಸಿಗುವ ಗಮನ, ಅದರ ಮೇಲೆ ಓಡುವ ತಂತ್ರಾಂಶವನ್ನು ಕಾಪಾಡುವ ಜನರಿಗೂ ಸಿಗಬೇಕು.

ಕೇಳುಗರಲ್ಲಿ ಸಂಶೋಧಕರಿದ್ದರೆ ಅವರಿಗೆ ಒಂದು ಕೋರಿಕೆ. ಮುಂದಿನ ಪ್ರಬಂಧ ಕಳಿಸುವಾಗ ಇಮೇಜ್ ಎಲ್ಲಿ ಸಿಗುತ್ತದೆ ಎಂದಷ್ಟೇ ಬರೆದು ಬಿಡಬೇಡಿ. ಅದನ್ನು ಕಟ್ಟಿದ ತಯಾರಿಕಾ ಕಡತವನ್ನೂ, ಇಮೇಜಿನ ಎಸ್‌ಎಚ್‌ಎ-256 ಗುರುತನ್ನೂ, ಹೊರಗಿನಿಂದ ಹೊದಿಸಿದ ಎಂಪಿಐ ಮತ್ತು ಡ್ರೈವರಿನ ಆವೃತ್ತಿಗಳನ್ನೂ ಅನುಬಂಧದಲ್ಲಿ ಕೊಡಿ. ಇಮೇಜಿನ ಒಂದು ಪ್ರತಿಯನ್ನು ನಿಮ್ಮ ಸಂಸ್ಥೆಯ ಸ್ವಂತ ಭಂಡಾರದಲ್ಲಿಡಿ.